ಗೊಬ್ಬರದ ಗುಂಡಿಯ ಮೇಲೆ ನಿಂತವರು

ಕಲಬುರಗಿಯ ಗಾಜಿಪುರದ ನಮ್ಮ ಹಳೆಯ ಮನೆಯ ಹಿಂಗೋಡೆಯಲ್ಲಿ, ನೆಲಕ್ಕೆ ಹತ್ತಿ, ಒಂದು ಕಿಂಡಿಯಿತ್ತು. ಒಂದು ಮೊಳ ಅಗಲ, ಅಷ್ಟೇ ಎತ್ತರ, ತಗಡಿನ ಮುಚ್ಚಳ. ಅದು ತೆರೆಯುತ್ತಿದ್ದುದು ಹಿಂದಿನ ಸಂದಿಯಿಂದ ಮಾತ್ರ. ಮೇಲೆ ಎರಡು ಶಹಾಬಾದ್ ಫರ್ಸಿ, ಅವುಗಳ ನಡುವೆ ಕಂಡಿ, ಕೆಳಗೆ ಡಾಂಬರು ಬಳಿದ ತಗಡಿನ ಡಬ್ಬಿ. ಅದೇ ನಮ್ಮ ಸಂಡಾಸ. ಬೆಳಗಿನ ಜಾವ ಸಂದಿಯಲ್ಲಿ ಮುಚ್ಚಳ ಸದ್ದಾದರೆ ಅವ್ವ ಒಂದು ಕೊಡ ನೀರು ಹಿಡಿದು ಹೋಗುತ್ತಿದ್ದಳು. ಹೊರಗಿನಿಂದ ಒಂದು ಹೆಣ್ಣುದನಿ: "ಅವ್ವಾರ, ನೀರ ಹಾಕ್ರೀ." ಅವ್ವ ಮೇಲಿನಿಂದ ಸುರಿಯುತ್ತಿದ್ದಳು. ಆಕೆ ಡಬ್ಬಿ ಎಳೆದು, ತಗಡಿನ ತುಂಡಿನಿಂದ ಕೆರೆದು, ಬುಟ್ಟಿಗೆ ತುಂಬಿ, ಮೇಲೆ ನಮ್ಮದೇ ಒಲೆಯ ತೊಗರಿ ಕಟ್ಟಿಗೆಯ ಬೂದಿ ಹರಡಿ, ಸಿಂಬೆ ಇಟ್ಟು ತಲೆಗೇರಿಸುತ್ತಿದ್ದಳು. ಮಳೆಗಾಲದಲ್ಲಿ ಬುಟ್ಟಿ ಸೋರುತ್ತಿತ್ತು. ಆಕೆಗೆ ತಿಂಗಳಿಗೆ ಇಷ್ಟು ದುಡ್ಡು, ದಿನಕ್ಕೊಂದು ರೊಟ್ಟಿ, ಹಬ್ಬಕ್ಕೆ ಹೋಳಿಗೆ. ಎಲ್ಲವೂ ಮೇಲಿನಿಂದ ಸೆರಗಿಗೆ ಬೀಳುತ್ತಿದ್ದವು. ಆಕೆಯ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಆ ಬುಟ್ಟಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ಅವ್ವನ ಉತ್ತರ ಒಂದೇ: "ಊರ ಹೊರಗ." ಊರ ಹೊರಗೆ ಏನಾಗುತ್ತದೆ ಎಂಬುದು ನನಗೆ ತಿಳಿದದ್ದು ಸ್ಯಾನಿಟರಿ ಇನ್ಸ್‌ಪೆಕ್ಟರ್ ಕೋರ್ಸು ಮಾಡಿ ಪುರಸಭೆಗಳಲ್ಲಿ ಕೆಲಸಕ್ಕೆ ಸೇರಿದ ಮೇಲೆ. ಜನ್ಮವಿಡೀ ಕಸ, ಚರಂಡಿ, ಸಂಡಾಸಗಳ ಲೆಕ್ಕ ಬರೆದವನು ನಾನು. ಈಗ ಹಲವರು ಬಂದು, ಮನುಷ್ಯರ ಮಲದಿಂದ ಗೊಬ್ಬರ ಮಾಡಬಹುದಂತೆ, ವಿದೇಶದಲ್ಲಿ ಮಾಡುತ್ತಾರಂತೆ, ನಮ್ಮ ಹಿರಿಯರೂ ಮಾಡುತ್ತಿದ್ದರಂತೆ, ಇದು ಸುರಕ್ಷಿತವೇ ಎಂದು ಕೇಳುತ್ತಾರೆ. ಸುರಕ್ಷಿತ ಯಾರಿಗೆ ಎಂದು ನಾನು ಕೇಳುತ್ತೇನೆ. ಉಣ್ಣುವವನಿಗೋ, ಬೆಳೆಯುವವನಿಗೋ, ಹೊತ್ತವಳಿಗೋ? ಈ ಮೂರನೆಯ ಲೆಕ್ಕವನ್ನು ನಮ್ಮ ಕಡತಗಳು ಬಹಳ ಕಾಲ ಇಡಲೇ ಇಲ್ಲ.

ಮಲಕ್ಕೆ ಮಣ್ಣನ್ನು ಕಸುವಾಗಿಸುವ ಶಕ್ತಿ ಇದೆ ಎಂಬುದು ನಮ್ಮ ರೈತರಿಗೆ ಹೊಸ ಮಾತಲ್ಲ. ಊರಿಗೆ ಹತ್ತಿದ ಹೊಲ, ಜನ ತಂಬಿಗೆ ಹಿಡಿದು ಹೋಗುವ ಹೊಲ, ಉಳಿದ ಹೊಲಗಳಿಗಿಂತ ಒಂದು ಹಿಡಿ ಹೆಚ್ಚೇ ಜೋಳ ಕೊಡುತ್ತದೆ. ಎಂದೋ ಹಾಳಾದ ಊರಿನ ಮಣ್ಣನ್ನು ಬಂಡಿಯಲ್ಲಿ ಹೇರಿಕೊಂಡು ಹೋಗಿ ಹೊಲಕ್ಕೆ ಚೆಲ್ಲುತ್ತಿದ್ದುದೂ ಇದೇ ತಿಳಿವಳಿಕೆಯಿಂದ. ಕುರಿ ನಿಲ್ಲಿಸಲು ಕುರುಬರಿಗೆ ಕಾಳು ಅಳೆದು ಕೊಡುವ ರೈತ, ಮನುಷ್ಯರದು ಎಂದೊಡನೆ ಮುಖ ತಿರುಗಿಸುತ್ತಿದ್ದ. ಮುಖ ತಿರುಗಿಸಿದರೂ ಫಸಲನ್ನು ಬೇಡ ಎನ್ನುತ್ತಿರಲಿಲ್ಲ.

ಈ ಸಂಕೋಚ ಎಲ್ಲ ಕಡೆ ಇರಲಿಲ್ಲ. 1909ರಲ್ಲಿ ಚೀನಾ, ಕೊರಿಯಾ, ಜಪಾನ್ ಸುತ್ತಿದ ಅಮೆರಿಕದ ಮಣ್ಣುವಿಜ್ಞಾನಿ ಎಫ್. ಎಚ್. ಕಿಂಗ್ ಒಂದು ಲೆಕ್ಕ ಕೊಡುತ್ತಾನೆ. ಹಿಂದಿನ ವರ್ಷ ಶಾಂಘೈನ ವಿದೇಶಿ ವಸತಿಯವರು ಮನೆಮನೆಯ ಮಲ ಎತ್ತುವ ಹಕ್ಕನ್ನು ಒಬ್ಬ ಗುತ್ತಿಗೆದಾರನಿಗೆ ಮಾರಿದ್ದರು. 78,000 ಟನ್ ಮಾಲು, ಬೆಲೆ 31,000 ಡಾಲರ್. ನಮ್ಮಲ್ಲಿ ಎತ್ತಲು ದುಡ್ಡು ಕೊಡಬೇಕು, ಅಲ್ಲಿ ಎತ್ತುವವನೇ ದುಡ್ಡು ಕೊಡಬೇಕು! ನಮ್ಮ ಪಕ್ಕದ ಪುಣೆಯಲ್ಲೂ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮಲವನ್ನು ಬೂದಿಯೊಂದಿಗೆ ಬೆರೆಸಿ ಒಣಗಿಸಿದ ಪುಡಿಯನ್ನು ಕಬ್ಬಿನ ರೈತರು ಕೊಳ್ಳುತ್ತಿದ್ದರು. ಭಾರತದ ಬೇಸಾಯವನ್ನು ನೋಡಿಹೋಗಲು ಬಂದಿದ್ದ ಇಂಗ್ಲಿಷ್ ರಸಾಯನಶಾಸ್ತ್ರಜ್ಞ ಜೆ. ಎ. ವೋಲ್ಕರ್ 1893ರ ತನ್ನ ವರದಿಯಲ್ಲಿ ಇದನ್ನೆಲ್ಲ ಬರೆದಿಟ್ಟಿದ್ದಾನೆ. ಕಬ್ಬಿನಲ್ಲಿ ಲಾಭ ಕಂಡಾಗ ಮೈಲಿಗೆ ತೆಳುವಾಗುತ್ತದೆ. ಆದರೆ ಆ ಪುಡಿಯನ್ನು ಬಿಸಿಲಿಗೆ ಹರಡಿ, ಒಡೆದು, ಚೀಲಕ್ಕೆ ತುಂಬಿದವರ ಪಾಲಿಗೆ ಅದು ತೆಳುವಾಗಲಿಲ್ಲ.

ಈ ವಿದ್ಯೆಗೆ ಒಂದು ಶಿಸ್ತು ಬಂದದ್ದು ನಮ್ಮ ನಾಡಿನಲ್ಲೇ. 1924ರಿಂದ 1931ರವರೆಗೆ ಇಂದೋರಿನಲ್ಲಿ ಆಲ್ಬರ್ಟ್ ಹೊವಾರ್ಡ್ ಮತ್ತು ವೈ. ಡಿ. ವಾಡ್ ಸೇರಿ ಕಸಕಡ್ಡಿ, ಸಗಣಿಗಳಿಂದ ಕಂಪೋಸ್ಟ್ ಮಾಡುವ ಪದ್ಧತಿ ಕಟ್ಟಿದ್ದರು. ಅದಕ್ಕೆ ರಾಶಿಯನ್ನು ಮತ್ತೆ ಮತ್ತೆ ಮಗುಚಬೇಕು, ಗಾಳಿ ಆಡಿಸಬೇಕು. ಸಗಣಿಯಾದರೆ ಸರಿ, ಊರಿನ ಮಲವಾದರೆ ಮಗುಚುವವರು ಯಾರು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸಿ. ಎನ್. ಆಚಾರ್ಯ 1939ರ ಸುಮಾರಿಗೆ ರೂಪಿಸಿದ ಪದ್ಧತಿಯಲ್ಲಿ ಮಗುಚುವ ಕೆಲಸವೇ ಇಲ್ಲ. ಒಮ್ಮೆ ತುಂಬಿ ಮುಚ್ಚಿದರೆ ಮುಗಿಯಿತು. ಇಡೀ ದೇಶದ ಆರೋಗ್ಯ ಇಲಾಖೆಗಳ ಪಠ್ಯದಲ್ಲಿ ಇದಕ್ಕೆ 'ಬೆಂಗಳೂರು ಪದ್ಧತಿ' ಎಂದೇ ಹೆಸರು.

ಕೋರ್ಸಿನಲ್ಲಿ ಬಾಯಿಪಾಠ ಮಾಡಿಸಿದ್ದು ಇನ್ನೂ ಮರೆತಿಲ್ಲ. ಊರ ಗಡಿಯಿಂದ ಕನಿಷ್ಠ 800 ಮೀಟರ್ ಆಚೆ ಗುಂಡಿಗಳಿರಬೇಕು. ಆಳ ಮೂರು ಅಡಿ ಮೀರಬಾರದು, ಅಗಲ ಐದರಿಂದ ಎಂಟು ಅಡಿ, ಉದ್ದ ಹದಿನೈದರಿಂದ ಮೂವತ್ತು ಅಡಿ. ತಳಕ್ಕೆ 15 ಸೆಂಟಿಮೀಟರ್ ಕಸ, ಅದರ ಮೇಲೆ 5 ಸೆಂಟಿಮೀಟರ್ ಮಲ, ಮತ್ತೆ ಕಸ, ಮತ್ತೆ ಮಲ. ರಾಶಿ ನೆಲಮಟ್ಟದಿಂದ ಒಂದಡಿ ಮೇಲೇಳುವವರೆಗೆ ಹೀಗೇ. ಕೊನೆಗೆ 25 ಸೆಂಟಿಮೀಟರಿನಷ್ಟು ಕಸ, ಅದರ ಮೇಲೆ ಗುಂಡಿ ತೋಡಿದ ಮಣ್ಣು. ಏಳು ದಿನದೊಳಗೆ ಒಳಗಿನ ಕಾವು 60 ಡಿಗ್ರಿ ದಾಟುತ್ತದೆ, ಎರಡು ಮೂರು ವಾರ ನಿಲ್ಲುತ್ತದೆ. ನಾಲ್ಕರಿಂದ ಆರು ತಿಂಗಳಿಗೆ ವಾಸನೆಯಿಲ್ಲದ ಕರಿ ಗೊಬ್ಬರ ಸಿದ್ಧ. ಜನಸಂಖ್ಯೆ ಒಂದು ಲಕ್ಷದೊಳಗಿನ ಊರುಗಳಿಗೆ ಇದು ಹೇಳಿ ಮಾಡಿಸಿದ ಪದ್ಧತಿ ಎಂದು ಪಠ್ಯ ಹೇಳುತ್ತಿತ್ತು.

ಅದರಲ್ಲಿ ಇನ್ನೊಂದು ಸಾಲಿತ್ತು. ಗುಂಡಿ ಸರಿಯಾಗಿ ತುಂಬಿದ್ದರೆ ಅದರ ಮೇಲೆ ನಡೆದಾಡುವ ಮನುಷ್ಯನ ಕಾಲು ಒಳಗೆ ಹೂತುಹೋಗುವುದಿಲ್ಲ ಎಂದು. ಪರೀಕ್ಷೆಗೆ ಬರುವ ಪ್ರಶ್ನೆ ಅದು. ಅಂಕ ತೆಗೆದುಕೊಂಡೆವು. ಯಾರ ಕಾಲು, ಆ ಕಾಲಿಗೆ ಏನಿತ್ತು, ಹೂತರೆ ಏನಾಗುತ್ತಿತ್ತು ಎಂದು ಯಾರೂ ಕೇಳಲಿಲ್ಲ.

ಆ ಕಾಲನ್ನು ನಾನು ನೋಡಿದ್ದು ಒಂದು ಸಣ್ಣ ಪುರಸಭೆಯ ಕಂಪೋಸ್ಟ್ ಯಾರ್ಡಿನಲ್ಲಿ, 1980ರ ದಶಕದಲ್ಲಿ. ಊರ ಹೆಸರು ಬೇಡ. ಎರೆಭೂಮಿಯಲ್ಲಿ ಸಾಲಾಗಿ ಗುಂಡಿಗಳು, ಸುತ್ತ ಜಾಲಿ ಕಂಟಿ. ಅಲ್ಲಿದ್ದ ಹಿರಿಯ ಕಾರ್ಮಿಕರೊಬ್ಬರು ಗುಂಡಿ ತುಂಬುವುದರಲ್ಲಿ ಪಳಗಿದವರು. ಥರ್ಮಾಮೀಟರ್ ಇರಲಿಲ್ಲ. ಕಬ್ಬಿಣದ ಹಾರೆಯನ್ನು ರಾಶಿಯ ಹೊಟ್ಟೆಗೆ ಚುಚ್ಚಿ, ಒಂದು ಬೀಡಿ ಸೇದಿ ಮುಗಿಯುವಷ್ಟು ಹೊತ್ತು ಬಿಟ್ಟು, ಎಳೆದು ತುದಿಯನ್ನು ಅಂಗೈಯಲ್ಲಿ ಹಿಡಿಯುತ್ತಿದ್ದರು. ಹಿಡಿಯಲಾಗದೆ ಕೈ ಬಿಟ್ಟರೆ, "ಇನ್ನಾ ಬೇಯಾಕತ್ತದ್ರಿ ಸಾಹೇಬ್ರ" ಎನ್ನುವರು. ಹಾರೆ ತಣ್ಣಗಿದ್ದರೆ ಕಸ ಕಡಿಮೆಯಾಗಿದೆ, ನೀರು ಹೆಚ್ಚಾಗಿದೆ ಎಂದು ಅರ್ಥ. ಆಚಾರ್ಯರು ಪ್ರಯೋಗಾಲಯದಲ್ಲಿ ಕಂಡದ್ದನ್ನು ಈ ಮನುಷ್ಯ ಅಂಗೈಯಲ್ಲಿ ಓದುತ್ತಿದ್ದರು. ಕಾಲು ಮಾತ್ರ ಬರಿಗಾಲು. ಬೂಟು, ಕೈಗವಸು ಸ್ಟಾಕ್ ಪುಸ್ತಕದಲ್ಲಿ ಇದ್ದವು, ಯಾರ್ಡಿನಲ್ಲಿ ಇರಲಿಲ್ಲ. ನಾನು ಟಿಪ್ಪಣಿ ಬರೆದೆ, ಅದು ಕಡತಕ್ಕೆ ಸೇರಿತು, ಆಮೇಲೆ ನನಗೇ ವರ್ಗ ಆಯಿತು.

ಬರಿಗಾಲಿನ ಮಾತು ಸುಮ್ಮನೆ ಕರುಣೆಗಾಗಿ ಎತ್ತುತ್ತಿಲ್ಲ. ಕೊಕ್ಕೆಹುಳು ಮನುಷ್ಯನೊಳಗೆ ಹೋಗುವ ದಾರಿಯೇ ಅದು. ಮಲದೊಂದಿಗೆ ಹೊರಬಿದ್ದ ಮೊಟ್ಟೆ ತೇವದ ಮಣ್ಣಿನಲ್ಲಿ ಒಡೆದು ಮರಿಯಾಗುತ್ತದೆ, ಮರಿ ಪಾದದ ಚರ್ಮ ಕೊರೆದು ರಕ್ತಕ್ಕಿಳಿದು ಕೊನೆಗೆ ಕರುಳು ಸೇರಿ ರಕ್ತ ಹೀರುತ್ತದೆ. ಬಿಳಿಚಿಕೊಂಡ ಮುಖ, ಊದಿದ ಕಾಲು, ಏರುದಾರಿಯಲ್ಲಿ ಏದುಸಿರು. ದುಂಡುಹುಳುವಿನದು ಬೇರೆ ದಾರಿ, ಅದು ಬಾಯಿಯಿಂದ ಹೋಗುತ್ತದೆ. ಒಂದು ಹೆಣ್ಣು ದುಂಡುಹುಳು ದಿನಕ್ಕೆ ಎರಡು ಲಕ್ಷದವರೆಗೆ ಮೊಟ್ಟೆ ಇಡುತ್ತದೆ. ಆ ಮೊಟ್ಟೆಯ ಚಿಪ್ಪು ಎಷ್ಟು ಗಟ್ಟಿಯೆಂದರೆ ತೇವದ ನೆರಳುಮಣ್ಣಿನಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ಆದ್ದರಿಂದಲೇ ಮಲಗೊಬ್ಬರದ ಸುರಕ್ಷತೆಯನ್ನು ಅಳೆಯುವವರು ಮೊದಲು ಹುಡುಕುವುದು ಈ ಮೊಟ್ಟೆಯನ್ನು. ಇದು ಸತ್ತಿದ್ದರೆ ಕಾಲರಾ, ಟೈಫಾಯ್ಡ್‌ಗಳ ರೋಗಾಣು ಅದಕ್ಕೂ ಮೊದಲೇ ಸತ್ತಿರುತ್ತವೆ.

ಕೊಲ್ಲುವುದು ಎರಡು, ಕಾವು ಮತ್ತು ಕಾಲ. 1983ರಲ್ಲಿ ರಿಚರ್ಡ್ ಫೀಚಮ್ ಮತ್ತು ಸಂಗಡಿಗರು ಜಗತ್ತಿನ ಅಧ್ಯಯನಗಳನ್ನೆಲ್ಲ ಜರಡಿ ಹಿಡಿದು ಕೊಟ್ಟ ಲೆಕ್ಕ ಇಂದಿಗೂ ನಡೆಯುತ್ತದೆ. ರಾಶಿಯ ಪ್ರತಿಯೊಂದು ಭಾಗವೂ 62 ಡಿಗ್ರಿಯಲ್ಲಿ ಒಂದು ಗಂಟೆ, 50 ಡಿಗ್ರಿಯಲ್ಲಿ ಒಂದು ದಿನ, 46 ಡಿಗ್ರಿಯಲ್ಲಿ ಒಂದು ವಾರ, ಇಲ್ಲವೇ 43 ಡಿಗ್ರಿಯಲ್ಲಿ ಒಂದು ತಿಂಗಳು ಇದ್ದರೆ ಸಾಕು. ಕಲಬುರಗಿಯ ಮೇ ತಿಂಗಳಿನ ಬಿಸಿಲೇ ಅಷ್ಟಿದೆಯಲ್ಲ ಎಂದು ನಗಬೇಡಿ. ಬಿಸಿಲು ರಾಶಿಯ ಮೇಲ್ಮೈಗೆ, ಮೊಟ್ಟೆ ಇರುವುದು ಒಳಗೆ. 'ಪ್ರತಿಯೊಂದು ಭಾಗವೂ' ಎನ್ನುವಲ್ಲೇ ತೊಡಕಿರುವುದು. ಮಗುಚದ ಬೆಂಗಳೂರು ಗುಂಡಿಯಲ್ಲಿ ನಡು ಬೇಯುತ್ತದೆ, ಅಂಚು ಮತ್ತು ತಳ ಅಷ್ಟಾಗಿ ಬೇಯುವುದಿಲ್ಲ. ಮಗುಚಿದರೆ ಎಲ್ಲವೂ ಬೇಯುತ್ತದೆ, ಆದರೆ ಹಸಿ ಮಲಕ್ಕೆ ಕೈ ತಾಗುತ್ತದೆ. ಆಚಾರ್ಯರ ಪದ್ಧತಿ ಕಾರ್ಮಿಕನ ಕೈಯನ್ನು ಮಗುಚುವುದರಿಂದ ಉಳಿಸಿತು, ಅಂಚಿನ ಕೊರತೆಯನ್ನು ತಿಂಗಳುಗಳ ಕಾಯುವಿಕೆಯಿಂದ ತುಂಬಿಕೊಂಡಿತು. ನನ್ನ ಮಟ್ಟಿಗೆ ಅದು ಜಾಣತನದ ರಾಜಿ. ಹಾಳು ಮಾಡಿದ್ದು ಕಾಯದವರು. ಬಿತ್ತನೆಗೆ ಮುಂಚೆ ಹರಾಜು ಮುಗಿಯಲಿ ಎಂದು ಎರಡೇ ತಿಂಗಳ ಗುಂಡಿ ತೆಗೆಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪದ್ಧತಿ ಎಷ್ಟೇ ಒಳ್ಳೆಯದಿದ್ದರೂ, ಗುಂಡಿಗೆ ತುಂಬುವ ಮೊದಲಿನ ಸಂಡಾಸ, ಬುಟ್ಟಿ, ತಲೆ, ಗಾಡಿ ಇವಾವುವೂ ಅದರಿಂದ ಬದಲಾಗಲಿಲ್ಲ ಎಂಬುದೂ ಅಷ್ಟೇ ನಿಜ.

ಬದಲಾಗಲೇಬೇಕು ಎಂದು ಕರ್ನಾಟಕದಲ್ಲಿ ಗಟ್ಟಿ ದನಿಯಲ್ಲಿ ಹೇಳಿದವರು ಬಿ. ಬಸವಲಿಂಗಪ್ಪ. 1970ರ ದಶಕದ ಆರಂಭದಲ್ಲಿ ದೇವರಾಜ ಅರಸರ ಸಂಪುಟದಲ್ಲಿ ಪೌರಾಡಳಿತ ಸಚಿವರಾಗಿದ್ದಾಗ ತಲೆಯ ಮೇಲೆ ಮಲ ಹೊರುವುದನ್ನು ಅವರು ನಿಷೇಧಿಸಿದರು. ಬಸವಲಿಂಗಪ್ಪ ಎಂದರೆ ಇಂದಿನ ತಲೆಮಾರಿಗೆ 1973ರ ಬೂಸಾ ಗಲಾಟೆ ನೆನಪಾಗುತ್ತದೆ. ನನಗೆ ನೆನಪಾಗುವುದು ಈ ಆದೇಶ. ಐ. ಪಿ. ಡಿ. ಸಾಲಪ್ಪ ಸಮಿತಿ 1976ರಲ್ಲಿ ವರದಿ ಕೊಟ್ಟು, 500 ಜನರಿಗೆ ಒಬ್ಬ ಪೌರಕಾರ್ಮಿಕ ಇರಬೇಕು ಎಂದಿತು. ಮಲ ಹೊರಿಸುವುದನ್ನು ನಿಷೇಧಿಸುವ ಕೇಂದ್ರದ ಕಾನೂನು ಬಂದದ್ದು 1993ರಲ್ಲಿ. ಅಷ್ಟರಲ್ಲಿ ನಮ್ಮ ಮನೆಯ ಕಿಂಡಿಗೆ ಇಟ್ಟಿಗೆ ಕಟ್ಟಿ, ನೀರಿನ ಸಂಡಾಸ ಕೂಡಿಸಿಯಾಗಿತ್ತು. ಕೋಲಾರದ ಚಿನ್ನದ ಗಣಿಯ ವಸತಿಗಳಲ್ಲಿ ಆಗಲೂ ಬುಟ್ಟಿ ಮುಂದುವರಿದಿತ್ತು. ಅಲ್ಲಿ ಇದೇ ಕೆಲಸದ ಕುಟುಂಬದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅದನ್ನು ನಿಲ್ಲಿಸಲು ಹೊರಟು, ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿ, 2016ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಪಡೆದರು. ಹಾವೇರಿ ಜಿಲ್ಲೆಯ ಸವಣೂರಿನಲ್ಲಿ 2010ರ ಜುಲೈ 20ರಂದು ಭಂಗಿ ಸಮುದಾಯದವರು ತಾವಿದ್ದ ಜಾಗದಿಂದ ಎಬ್ಬಿಸುವುದನ್ನು ವಿರೋಧಿಸಿ, ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡರು. ಕಾಯಕದ ನಾಡು ಎಂದು ಭಾಷಣ ಮಾಡುವ ನಮ್ಮ ಭಾಗದವರೂ ಆ ಫೋಟೋ ನೋಡಿದರು.

ನೀರಿನ ಸಂಡಾಸ ಬಂದ ಮೇಲೆ ಮಲ ಹೊಲಕ್ಕೆ ಹೋಗುವುದು ನಿಂತು ಗಟಾರಕ್ಕೆ ಹೋಯಿತು. ಮಣ್ಣಿಗೂ ಲುಕ್ಸಾನು, ಹಳ್ಳಕ್ಕೂ ಲುಕ್ಸಾನು. ಮನುಷ್ಯ ಮಲಕ್ಕಿಳಿಯುವುದಾದರೂ ತಪ್ಪಿತೇ? 2021ರ ಜನವರಿಯಲ್ಲಿ ಇದೇ ಕಲಬುರಗಿಯಲ್ಲಿ ಮ್ಯಾನ್‌ಹೋಲ್ ಸ್ವಚ್ಛಗೊಳಿಸಲು ಇಳಿದ ಇಬ್ಬರು ಸತ್ತರು.

ಹೀಗಾಗಿ ಗೊಬ್ಬರದ ಮಾತು ಮತ್ತೆ ಬಂದಾಗ ನಾನು ಬೇಡ ಎನ್ನುವುದಿಲ್ಲ, ಹೌದು ಎನ್ನಲು ಅವಸರವೂ ಮಾಡುವುದಿಲ್ಲ. ಕಮಲಾಪುರದ ಕಣಿವೆಯಲ್ಲಿ ಕೆಂಪು ಬಾಳೆ ಹಾಕಿರುವ ನಮ್ಮ ಅಣ್ಣನ ಮಗ ಹೊಲದ ಮನೆಗೆ ಎರಡು ಗುಂಡಿಯ ಶೌಚಾಲಯ ಕಟ್ಟಿಸಿದ್ದಾನೆ. ಕೆಂಪು ಬಾಳೆ ಹೊಟ್ಟೆಬಾಕ ಬೆಳೆ, ಗೊನೆ ಬರಲು ಒಂದೂವರೆ ವರ್ಷ ತೆಗೆದುಕೊಳ್ಳುತ್ತದೆ, ತಿಪ್ಪೆಗೊಬ್ಬರ ಎಷ್ಟಿದ್ದರೂ ಸಾಲದು. ಅವನು ಫೋನು ಮಾಡಿ ಕೇಳಿದ: "ಕಾಕಾ, ಒಂದ ಗುಂಡಿ ತುಂಬ್ಯದ. ತಗದ ಬಾಳಿಗಿ ಹಾಕ್ಲೇನು?"

"ಎಂದ ಮುಚ್ಚೀದಿ?"

"ಹ್ವಾದ ದೀಪಾವಳಿಗಿ."

"ಹಂಗಾರ ಇನ್ನೊಂದ ದೀಪಾವಳಿ ಆಗ್ಲಿ."

ಬಿಸಿಯೇರದ ಗುಂಡಿಗೆ ಕಾಲವೇ ಔಷಧ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರಡಿಸಿದ ಮಾರ್ಗಸೂಚಿ ನಮ್ಮಂಥ ಬಿಸಿನಾಡಿಗೆ, ಹೊಸದನ್ನು ಸೇರಿಸದೆ ಒಂದು ವರ್ಷಕ್ಕಿಂತ ಹೆಚ್ಚು ಇಡಬೇಕು ಎನ್ನುತ್ತದೆ. ನಮ್ಮಲ್ಲಿ ಎರಡು ಗುಂಡಿಯ ಶೌಚಾಲಯಕ್ಕೆ ಹೇಳುವುದು ಒಂದೂವರೆಯಿಂದ ಎರಡು ವರ್ಷ. ಸುಲಭ್‌ನ ಬಿಂದೇಶ್ವರ ಪಾಠಕ್ 1970ರಿಂದ ಊರೂರಿಗೆ ಹಬ್ಬಿಸಿದ್ದು ಈ ಎರಡು ಗುಂಡಿಯ ಕ್ರಮವನ್ನೇ. ಒಂದು ತುಂಬಿದರೆ ಪೈಪಿನ ಬಾಯಿ ಇನ್ನೊಂದಕ್ಕೆ ತಿರುಗಿಸುವುದು, ಅದು ತುಂಬುವಷ್ಟರಲ್ಲಿ ಮೊದಲಿನದು ಮಣ್ಣಾಗಿರುತ್ತದೆ. 2017ರ ಫೆಬ್ರುವರಿಯಲ್ಲಿ ತೆಲಂಗಾಣದ ವಾರಂಗಲ್ ಬಳಿಯ ಗಂಗದೇವಿಪಲ್ಲಿಯಲ್ಲಿ ಕೇಂದ್ರದ ಕಾರ್ಯದರ್ಶಿ ಪರಮೇಶ್ವರನ್ ಅಯ್ಯರ್ ಸ್ವತಃ ಇಂಥ ಗುಂಡಿಗಿಳಿದು ಗೊಬ್ಬರ ತೆಗೆದರು. ಅಷ್ಟು ದೊಡ್ಡ ಅಧಿಕಾರಿ ಗುಂಡಿಗೆ ಇಳಿದದ್ದು ಸುದ್ದಿಯಾಯಿತು. ಸುದ್ದಿಯಾದದ್ದೇ ನಮ್ಮ ಚರಿತ್ರೆಯನ್ನು ಹೇಳುತ್ತದೆ.

ಬಾಳೆಗೆ ಹಾಕಲು ನಾನು ಒಪ್ಪಿದ್ದಕ್ಕೂ ಕಾರಣವಿದೆ. ಗೊನೆ ಆಳೆತ್ತರದಲ್ಲಿ ತೂಗುತ್ತದೆ, ಸಿಪ್ಪೆ ಸುಲಿದು ತಿನ್ನುತ್ತೇವೆ. ಬುಡ ಅಗೆದು ಹಾಕಿ ಮಣ್ಣು ಮುಚ್ಚಿದರೆ ಹಣ್ಣಿಗೂ ಗೊಬ್ಬರಕ್ಕೂ ನಂಟಿಲ್ಲ. ಕೊತ್ತಂಬರಿ, ಮೆಂತ್ಯ, ಮೂಲಂಗಿ, ಉಳ್ಳಾಗಡ್ಡಿಯ ಪಾತಿಗೆ ಕೇಳಿದ್ದರೆ ಬೇಡವೇ ಬೇಡ ಎನ್ನುತ್ತಿದ್ದೆ. ಹಸಿಯಾಗಿ ತಿನ್ನುವುದಕ್ಕೆ ಇದು ಸಲ್ಲದು. ಬೇರೆ ಬೆಳೆಗಾದರೂ ಗೊಬ್ಬರ ಹಾಕುವುದಕ್ಕೂ ಕೊಯ್ಲಿಗೂ ನಡುವೆ ಕನಿಷ್ಠ ಒಂದು ತಿಂಗಳು ಇರಲಿ. ಎರೆಮಣ್ಣಿನವರು ಇನ್ನೊಂದು ನೋಡಿಕೊಳ್ಳಬೇಕು. ಆ ಮಣ್ಣು ನೀರು ಇಂಗಿಸುವುದಿಲ್ಲ, ಗುಂಡಿಯ ಸುತ್ತ ಮರಳು ತುಂಬದಿದ್ದರೆ ಮಲ ಕೊಳೆಯದೆ ಕೆಸರಾಗಿ ಉಳಿಯುತ್ತದೆ. ಬಾವಿ, ಬೋರ್‌ವೆಲ್‌ಗಳಿಂದ ಹತ್ತು ಮೀಟರ್ ದೂರವಂತೂ ಬೇಕೇ ಬೇಕು. ಸಾರಜನಕದ ಬಹುಪಾಲು ಇರುವುದು ಮೂತ್ರದಲ್ಲಿ. ಗೊಬ್ಬರದ ಆಸೆ ಮಾತ್ರ ಇರುವವರು ಮೂತ್ರ ಬೇರ್ಪಡಿಸಿ ಬಳಸುವ ದಾರಿ ಹಿಡಿಯಬಹುದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಅದನ್ನು ಮುಸುಕಿನ ಜೋಳ, ಬಾಳೆಯ ಮೇಲೆ ಪ್ರಯೋಗ ಮಾಡಿ ನೋಡಿದ್ದಾರೆ.

ಸೆಪ್ಟಿಕ್ ಟ್ಯಾಂಕಿನ ಕೆಸರಿನ ಮಾತೇ ಬೇರೆ. ಅದರಲ್ಲಿ ನಿನ್ನೆಯದೂ ಇರುತ್ತದೆ, ಮೂರು ವರ್ಷದ್ದೂ ಇರುತ್ತದೆ. ಬೆಂಗಳೂರಿನ ಸುತ್ತ ಟ್ಯಾಂಕರಿನವರು ಅದನ್ನು ನೇರ ತೋಟಗಳಿಗೆ ಬಿಡುತ್ತಾರೆ, ತಿಳಿದ ರೈತರು ಗುಂಡಿಯಲ್ಲಿ ತಿಂಗಳುಗಟ್ಟಲೆ ಒಣಗಿಸಿ ಆಮೇಲೆ ಹರಡುತ್ತಾರೆ, ತಿಳಿಯದವರು ಹಸಿಯಾಗಿಯೇ ಹರಿಸುತ್ತಾರೆ. ಇದಕ್ಕೆ ಊರಮಟ್ಟದ ಉತ್ತರ ದೇವನಹಳ್ಳಿಯಲ್ಲಿದೆ. 2015ರಲ್ಲಿ ಅಲ್ಲಿ ಶುರುವಾದ ಮಲಕೆಸರು ಶುದ್ಧೀಕರಣ ಘಟಕಕ್ಕೆ ದಿನಕ್ಕೆ ಆರು ಸಾವಿರ ಲೀಟರಿನಷ್ಟು ಹಿಡಿಸುವ ಶಕ್ತಿಯಿದೆ. ಕೆಸರನ್ನು ಒಣಗಿಸಿ, ಊರಿನ ಹಸಿ ಕಸದೊಂದಿಗೆ ಸೇರಿಸಿ ಕಂಪೋಸ್ಟ್ ಮಾಡುತ್ತಾರೆ. ಕಸ ಒಂದು ಪದರ, ಮಲ ಒಂದು ಪದರ ಎಂದ ಆಚಾರ್ಯರ ಮೊಮ್ಮಗನೇ ಅದು. ಆಚಾರ್ಯರ ಕಾಲದ ಊರ ಕಸದಲ್ಲಿ ಎಲೆ, ಬೂದಿ, ಹುಲ್ಲು ಇತ್ತು. ಈಗ ಪ್ಲಾಸ್ಟಿಕ್ಕು, ಬ್ಯಾಟರಿ, ಬ್ಲೇಡು. ಹಸಿ ಕಸ ಬೇರೆ ಮಾಡದ ಊರಿಗೆ ಈ ಗೊಬ್ಬರದ ಮಾತಾಡುವ ಯೋಗ್ಯತೆ ಇಲ್ಲ ಎಂದೇ ನಾನು ಹೇಳುವುದು.

ಮಲ ಹೊರಿಸುವುದನ್ನು ನಿಷೇಧಿಸುವ 2013ರ ಹೊಸ ಕಾನೂನು, ಮಲ ಹೊರುವವರು ಯಾರು ಎಂದು ವಿವರಿಸುವಾಗ, ಮಲ ಪೂರ್ತಿಯಾಗಿ ಕೊಳೆಯುವ ಮುನ್ನ ಅದನ್ನು ಕೈಯಿಂದ ಎತ್ತುವ, ಸಾಗಿಸುವ ಕೆಲಸಕ್ಕೆ ಹಚ್ಚಲ್ಪಟ್ಟವರು ಎನ್ನುತ್ತದೆ. ರೋಗ ಅಂಟದ ಗೊಬ್ಬರಕ್ಕೂ ಬೇಕಾದದ್ದು ಅದೇ, ಪೂರ್ತಿ ಕೊಳೆತಿರಬೇಕು. ನಿಮ್ಮ ಗುಂಡಿಗೆ ಎರಡು ವರ್ಷ ಆಗಿದ್ದರೆ ಸಲಿಕೆ ನೀವೇ ಹಿಡಿಯಿರಿ, ಬೂಟು ಹಾಕಿಕೊಳ್ಳಿ, ಕೈ ಸಾಬೂನಿನಿಂದ ತೊಳೆಯಿರಿ. ನೀವು ಹಿಡಿಯಲು ಹೇಸುವಷ್ಟು ಅದು ಹಸಿಯಾಗಿದ್ದರೆ ಕೂಲಿ ಕೊಟ್ಟು ಇನ್ನೊಬ್ಬರ ಕೈಗೆ ಕೊಡಬೇಡಿ, ಮುಚ್ಚಿ ಕಾಯಿರಿ. ಸೆಪ್ಟಿಕ್ ಟ್ಯಾಂಕಾದರೆ ಪಾಲಿಕೆಯ ಯಂತ್ರ ಕರೆಸಿ. ರಕ್ಷಣೆಯಿಲ್ಲದೆ ಮನುಷ್ಯನನ್ನು ಟ್ಯಾಂಕಿಗೆ ಇಳಿಸಿದವರಿಗೆ ಮೊದಲ ಸಲವೇ ಎರಡು ವರ್ಷದವರೆಗೆ ಜೈಲು, ಇಲ್ಲವೇ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.